ವಿಮಾನಯಾನದ ಭಯವೂ ಶಾಸನದ ಮೊಳವೂ

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಹೂವನ್ನು ಇಂದಿಗೂ ಮೊಳದ ಲೆಕ್ಕದಲ್ಲಿಯೇ ಮಾರುತ್ತಾರೆ. ಮಾರುವಾಕೆಯ ಮೊಳಕೈಯಿಂದ ನಡುಬೆರಳ ತುದಿಯವರೆಗಿನ ಉದ್ದವೇ ಅಲ್ಲಿಯ ಮಾನದಂಡವಾಗಿದ್ದು, ತೂಕ-ಅಳತೆಯ ಇಲಾಖೆಯವರ ಮುದ್ರೆ ಅದರ ಮೇಲೆ ಎಂದೂ ಬಿದ್ದುದಿಲ್ಲವಾದರೂ, ಎಷ್ಟೋ ವರ್ಷಗಳಿಂದ ಒಂದೇ ಕಡೆಯಲ್ಲಿ ಹೂ ಕೊಳ್ಳುತ್ತ ಬಂದಿರುವ ನನಗೆ ಆ ಮೊಳದಿಂದ ಮೋಸವಾಯಿತೆಂದು ಒಮ್ಮೆಯೂ ತೋರಿದ್ದಿಲ್ಲ. ದಿನದ ಗಿರಾಕಿಗೆ ಬೆರಳುದ್ದ ಹೆಚ್ಚು. ಹಬ್ಬದ ಮುನ್ನಾದಿನ ಕಾರಿನಿಂದ ಇಳಿದು ಚೌಕಾಸಿಗೆ ನಿಂತವನಿಗೆ ಬೆರಳುದ್ದ ಕಡಿಮೆ. ದೇವರ ಪಟಕ್ಕೆಂದು ಚಿಲ್ಲರೆ ಹಿಡಿದು ಬಂದ ಮುದುಕಿಗೆ ಲೆಕ್ಕವನ್ನೇ ಮರೆತಂತೆ ಒಂದು ತುಂಡು. ಹೀಗೆ ಆಳು ನೋಡಿ, ಹೊತ್ತು ನೋಡಿ ಅಳೆಯುವ ಆ ಕೈಯನ್ನು ನೋಡುತ್ತ ನಿಂತಿದ್ದಾಗಲೇ, ನಮ್ಮ ದೇಶದ ವಿಮಾನಾಪಹರಣ ನಿರೋಧ ಕಾಯಿದೆಯ ಕುರಿತು ಬರೆಯಬೇಕೆಂಬ ಯೋಚನೆ ನನಗೆ ಹುಟ್ಟಿದ್ದು.

ಹೂವಿಗೂ ವಿಮಾನಕ್ಕೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವನ್ನು ಕಲ್ಪಿಸಿದ್ದು ಕೊಬ್ಬರಿ. ಪರದೇಶದಲ್ಲಿರುವ ಮಗಳ ಮನೆಗೆ ಹೊರಟ ನಮ್ಮಾಕೆ, ಈ ಬಜಾರಿನ ಅಂಗಡಿಯೊಂದರಲ್ಲಿ ಆರಿಸಿ ಆರಿಸಿ ಕೊಂಡ ತಿಪಟೂರಿನ ಕೊಬ್ಬರಿ ಗಿಟುಕುಗಳನ್ನು ಸೀರೆಗಳ ನಡುವೆ ಸುತ್ತಿಟ್ಟು ಪೆಟ್ಟಿಗೆಯನ್ನು ಒಪ್ಪಿಸಿದ್ದಳು. ಸ್ವಲ್ಪ ಹೊತ್ತಿಗೆ ಹೆಸರು ಹಿಡಿದು ಕರೆ ಬಂದಿತು. ತಪಾಸಣೆಯ ಮೇಜಿನ ಹಿಂದೆ ನಿಂತಿದ್ದ, ಮಾತಿನ ಧಾಟಿಯಿಂದ ಧಾರವಾಡದ ಕಡೆಯವಳೆಂದು ತೋರಿದ ಎಳೆಯ ಹುಡುಗಿ, "ಅಮ್ಮಾ, ಇದೊಂದು ಹೋಗಂಗಿಲ್ರೀ, ತಪ್ಪು ತಿಳೀಬ್ಯಾಡ್ರಿ" ಎಂದು ಗಿಟುಕುಗಳನ್ನು ಒಂದೊಂದಾಗಿ ಹೊರಗಿಟ್ಟಳು. ಬಾಂಬಿಗೂ ಕೊಬ್ಬರಿಗೂ ವ್ಯತ್ಯಾಸವರಿಯದ ಸರಕಾರವೆಂದು ನಾನು ಮನೆಗೆ ಬಂದು ಕೂಗಾಡಿದೆ. ನಾಗಸಂದ್ರ ರಸ್ತೆಯ ಕಡೆ ವಾಸವಾಗಿರುವ, ವೃತ್ತಿಯಿಂದ ನಿವೃತ್ತರಾದ ನನ್ನ ವಕೀಲ ಮಿತ್ರರು ಅದನ್ನು ಕೇಳಿ ನಕ್ಕು, "ರಾಯರೇ, ಕೊಬ್ಬರಿಯ ಕಾನೂನು ಬೇರೆ, ಬಾಂಬಿನ ಕಾನೂನು ಬೇರೆ. ಎರಡನ್ನೂ ಒಂದೇ ಒರಳಿಗೆ ಹಾಕಿ ರುಬ್ಬಬೇಡಿ" ಎಂದರು. ಒಣಗಿದ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚಾದುದರಿಂದ, ರಾಶಿಯಾಗಿ ಬಿಸಿಯಲ್ಲಿದ್ದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ವರ್ಗಕ್ಕೆ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆಯೆಂದೂ, ಅದನ್ನು ತಡೆಯುವುದು ಅಪಾಯಕರ ಸರಕುಗಳ ಸಾಗಣೆಗೆಂದು 2003ರಲ್ಲಿ ಮಾಡಿದ ನಿಯಮಗಳೆಂದೂ ವಿವರಿಸಿದರು. ಆಮೇಲೆ, ಭಯೋತ್ಪಾದಕರಿಗಾಗಿ ಮಾಡಿದ ಕಾಯಿದೆಗಳನ್ನು ಓದಬೇಕೆಂದಿದ್ದರೆ ಇಗೋ ಎಂದು ಒಂದು ಕಟ್ಟನ್ನು ನನ್ನ ಕೈಗಿತ್ತರು. ಆ ಕಟ್ಟನ್ನು ಬಿಚ್ಚಿ ಓದಿದ್ದರ ಫಲವೇ ಈ ಲೇಖನ.

ನಾನು ಮೊದಲು ವಿಮಾನ ನಿಲ್ದಾಣವನ್ನು ಕಂಡ ಕಾಲದಲ್ಲಿ ಇಂಥ ಕಟ್ಟು ಇರಲಿಲ್ಲ. ಅಂದು ಬೆಂಗಳೂರಿಗೆ ವಿಮಾನವೆಂದರೆ ವಿಮಾನಪುರ. ವಾಲ್‌ಚಂದ್ ಹೀರಾಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ನೆರವಿನೊಡನೆ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಓಡುದಾರಿಯೇ ನಗರದ ಪ್ರಯಾಣಿಕರಿಗೂ ನಿಲ್ದಾಣವಾಗಿತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋಗುವವರೆಗೂ ಅದು ಹಾಗೆಯೇ ಇದ್ದಿತು. ಬಸವನಗುಡಿಯ ಮನೆಯೊಂದರಿಂದ ಯಾರಾದರೂ ಅಮೆರಿಕಕ್ಕೆ ಹೊರಟರೆಂದರೆ, ಹೊರಡುವವನೊಬ್ಬನಿಗೆ ಬೀಳ್ಕೊಡುವವರು ಇಪ್ಪತ್ತು ಮಂದಿ. ಗಾಂಧಿ ಬಜಾರಿನ ಗುಲಾಬಿಯ ಹಾರ, ಸೋದರತ್ತೆ ಕಟ್ಟಿಕೊಟ್ಟ ಬುತ್ತಿ, ಬಟ್ಟೆಯಲ್ಲಿ ಬಿಗಿದ ಉಪ್ಪಿನಕಾಯಿಯ ಜಾಡಿ, ಕಂಕುಳ ಮಕ್ಕಳು ಎಲ್ಲವನ್ನೂ ಹೊತ್ತ ಟ್ಯಾಕ್ಸಿಗಳು ವಿಮಾನಪುರದಲ್ಲಿ ನಿಂತರೆ, ಕಟಕಟೆಯ ಈಚೆಯಿಂದ ಕೈಬೀಸುತ್ತ, ಏಣಿ ಹತ್ತಿದವನು ಹಿಂತಿರುಗಿ ನೋಡಿದನೇ ಇಲ್ಲವೇ ಎಂದು ವಾದ ಮಾಡುತ್ತ ನಾವು ನಿಂತಿರುತ್ತಿದ್ದೆವು. ಯಾರ ಪೆಟ್ಟಿಗೆಯನ್ನೂ ಯಾರೂ ತೆರೆದು ನೋಡಿದ ನೆನಪಿಲ್ಲ. ವಿಮಾನಕ್ಕೆ ಸಂಬಂಧಿಸಿ ದೇಶದಲ್ಲಿದ್ದ ಮುಖ್ಯ ಶಾಸನವೆಂದರೆ ಬ್ರಿಟಿಷರ ಕಾಲದ, 1934ರ ವಿಮಾನ ಕಾಯಿದೆ. ವಿಮಾನವನ್ನು ಯಾರು ಹಾರಿಸಬಹುದು, ಹೇಗೆ ಹಾರಿಸಬೇಕು ಎಂಬುದು ಅದರ ಚಿಂತೆಯಾಗಿತ್ತೇ ವಿನಾ, ವಿಮಾನವನ್ನು ಒಬ್ಬನು ಕದ್ದೊಯ್ದಾನು ಎಂಬ ಕಲ್ಪನೆ ಅದನ್ನು ಬರೆದವರಿಗೆ ಬಂದಂತಿಲ್ಲ.

ಆ ಕಲ್ಪನೆ ನಮಗೆ ಬಂದದ್ದು 1971ರ ಜನವರಿ 30ರಂದು. ಶ್ರೀನಗರದಿಂದ ಜಮ್ಮುವಿಗೆ ಹೊರಟ 'ಗಂಗಾ' ಎಂಬ ಫೋಕರ್ ವಿಮಾನವನ್ನು ಇಬ್ಬರು ತರುಣರು ಲಾಹೋರಿಗೆ ಒಯ್ದರು. ಅವರ ಕೈಯಲ್ಲಿದ್ದುದು ಆಟಿಕೆಯ ಪಿಸ್ತೂಲು, ಮರದಲ್ಲಿ ಕೆತ್ತಿದ ಗ್ರೆನೇಡು. ಪ್ರಯಾಣಿಕರನ್ನು ಬಿಟ್ಟುಕೊಟ್ಟ ಬಳಿಕ ಫೆಬ್ರವರಿ 2ರಂದು ವಿಮಾನಕ್ಕೆ ಬೆಂಕಿಯಿಟ್ಟರು. ಎರಡು ದಿನಗಳಲ್ಲಿ ಭಾರತವು ಪಾಕಿಸ್ತಾನದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿಬಿಟ್ಟಿತು. ಆ ವರ್ಷ ನಡೆದ ಬಾಂಗ್ಲಾ ಯುದ್ಧಕ್ಕೆ ಮುನ್ನ, ಪಾಕಿಸ್ತಾನದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹೋಗಬೇಕಾದವರು ಕೊಲಂಬೊವನ್ನು ಸುತ್ತಿ ಹೋಗಬೇಕಾಯಿತು. ವಿಮಾನಾಪಹರಣವನ್ನು ಅಪರಾಧವೆಂದು ಸಾರಿದ ಹೇಗ್ ಒಪ್ಪಂದಕ್ಕೆ ಜಗತ್ತಿನ ರಾಷ್ಟ್ರಗಳು ಸಹಿ ಹಾಕಲು ತೊಡಗಿ ಅಷ್ಟರಲ್ಲಿ ಕೇವಲ ಆರು ವಾರಗಳಾಗಿದ್ದವು. ಅದನ್ನು ನಮ್ಮ ಸಂಸತ್ತು ಕಾಯಿದೆಯಾಗಿಸಿಕೊಳ್ಳುವುದಕ್ಕೆ ಹಿಡಿದದ್ದು ಹನ್ನೆರಡು ವರ್ಷ.

ಆ ಹನ್ನೆರಡು ವರ್ಷಗಳ ನಡುವೆ ನಡೆದ ಒಂದು ಪ್ರಕರಣವನ್ನು ಕನ್ನಡಿಗರು ಮರೆತಿರುವುದು ನನಗೆ ಸೋಜಿಗವಾಗಿ ತೋರುತ್ತದೆ. ಏಕೆಂದರೆ ಅದರ ಬೇರು ನಮ್ಮ ಮಲೆನಾಡಿನಲ್ಲಿದೆ. 1978ರ ನವೆಂಬರಿನಲ್ಲಿ ಡಿ. ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರು ಕ್ಷೇತ್ರದಿಂದ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರಷ್ಟೆ. ಡಿಸೆಂಬರ್ 19ರಂದು ಲೋಕಸಭೆ ಅವರ ಸದಸ್ಯತ್ವವನ್ನು ಕಿತ್ತುಹಾಕಿ ಸೆರೆಮನೆಗೆ ಕಳುಹಿಸಿತು. ಮರುದಿನವೇ, ಕಲ್ಕತ್ತೆಯಿಂದ ಲಕ್ನೋ ಮಾರ್ಗವಾಗಿ ದಿಲ್ಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಪಾಂಡೆ ಎಂಬ ಒಂದೇ ಕುಲನಾಮದ ಇಬ್ಬರು ತರುಣರು ವಶಪಡಿಸಿಕೊಂಡು ವಾರಾಣಸಿಯಲ್ಲಿ ಇಳಿಸಿದರು. ಚಿಕ್ಕಮಗಳೂರಿನ ಸದಸ್ಯೆಯನ್ನು ಬಿಡುಗಡೆ ಮಾಡಬೇಕೆಂಬುದು ಅವರ ಬೇಡಿಕೆ. ಅವರ ಶಸ್ತ್ರಗಳೂ ಆಟಿಕೆಯವೇ. ಕಾಶಿಗೆ ಹೋಗಲು ಇದಕ್ಕಿಂತ ಸುಲಭದ ದಾರಿಯಿಲ್ಲವೆಂದು ನಮ್ಮ ಬಜಾರಿನ ಹೋಟೆಲುಗಳಲ್ಲಿ ದೋಸೆಗೆ ಕಾಯುತ್ತ ಕುಳಿತವರು ಹಾಸ್ಯ ಮಾಡಿದ್ದು ನನಗೆ ನೆನಪಿದೆ. ಹಾಸ್ಯವನ್ನು ಮೀರಿಸುವ ಸಂಗತಿ ಆಮೇಲೆ ನಡೆಯಿತು. 1980ರಲ್ಲಿ ಅವರಿಬ್ಬರಿಗೂ ಕಾಂಗ್ರೆಸ್ಸಿನ ಟಿಕೆಟ್ಟು ದೊರೆತು, ಇಬ್ಬರೂ ಉತ್ತರ ಪ್ರದೇಶದ ವಿಧಾನಸಭೆಯ ಸದಸ್ಯರಾದರು. ಅದಾದ ಎರಡು ವರ್ಷಕ್ಕೆ, ಇಂದಿರಾ ಗಾಂಧಿಯವರೇ ಪ್ರಧಾನಿಯಾಗಿದ್ದ ಸರಕಾರವು, ವಿಮಾನವನ್ನು ಬಲದಿಂದಾಗಲಿ ಬೆದರಿಕೆಯಿಂದಾಗಲಿ ವಶಪಡಿಸಿಕೊಂಡವನಿಗೆ ಜೀವಾವಧಿ ಸಜೆ ವಿಧಿಸುವ ವಿಮಾನಾಪಹರಣ ನಿರೋಧ ಕಾಯಿದೆಯನ್ನು ತಂದಿತು. ಆ ನಡುವೆ, 1981ರಲ್ಲಿ ದಿಲ್ಲಿಯಿಂದ ಹೊರಟಿದ್ದ ವಿಮಾನವನ್ನು ಖಲಿಸ್ತಾನವಾದಿಗಳು ಲಾಹೋರಿಗೆ ಒಯ್ದಿದ್ದರು. ಕಾಯಿದೆಗೆ ತ್ವರೆ ಬಂದದ್ದು ಆಗ. ಕತ್ತಿಯ ಬದಲು ಆಟಿಕೆ ಹಿಡಿದವನನ್ನು ಶಾಸಕನನ್ನಾಗಿ ಮಾಡುವುದೂ, ಅದೇ ಕೃತ್ಯಕ್ಕೆ ಜೀವಾವಧಿ ಸಜೆಯೆನ್ನುವುದೂ ನಾಲ್ಕು ವರ್ಷದ ಅವಧಿಯಲ್ಲಿ ಒಂದೇ ದೇಶದಲ್ಲಿ ಸಾಧ್ಯವಾದವು ಎಂಬುದನ್ನು ಮಾತ್ರ ಇಲ್ಲಿ ಗುರುತು ಹಾಕಿ ಮುಂದೆ ಹೋಗುತ್ತೇನೆ.

1982ರಲ್ಲಿಯೇ ಇದರ ಜೋಡಿಯಾಗಿ ಇನ್ನೊಂದು ಕಾಯಿದೆ ಬಂದಿತು. ಅಪಹರಣ ಮಾಡದೆ, ವಿಮಾನದಲ್ಲಿ ಸ್ಫೋಟಕವನ್ನಿಟ್ಟೋ ದಿಕ್ಸೂಚಕ ಸಾಧನಗಳನ್ನು ಕೆಡಿಸಿಯೋ ಪ್ರಯಾಣಿಕರನ್ನು ಆಪತ್ತಿಗೆ ಗುರಿಮಾಡುವವರಿಗಾಗಿ, 1971ರ ಮಾಂಟ್ರಿಯಲ್ ಒಪ್ಪಂದವನ್ನು ಅನುಸರಿಸಿ ಮಾಡಿದ ಶಾಸನ ಅದು. ಅದು ಎಂಥ ಅಪರಾಧವನ್ನು ಕುರಿತದ್ದೆಂಬುದು ಮೂರನೆಯ ವರ್ಷದಲ್ಲಿ ತಿಳಿಯಿತು. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನವು ಐರ್ಲೆಂಡಿನ ತೀರದಾಚೆ ಅಟ್ಲಾಂಟಿಕ್ ಸಾಗರದ ಮೇಲೆ ಸಿಡಿದು, ಅದರಲ್ಲಿದ್ದ 329 ಮಂದಿಯೂ ಮಡಿದರು. ಕೆನಡಾದ ವ್ಯಾಂಕೂವರಿನಲ್ಲಿ ಒಂದು ಪೆಟ್ಟಿಗೆಯನ್ನು ಹೇರಲಾಗಿತ್ತು. ಅದರ ಒಡೆಯನೆಂದು ಹೇಳಿಕೊಂಡವನು ವಿಮಾನವನ್ನು ಏರಲೇ ಇಲ್ಲ. ಸಮುದ್ರದ ತಳದಿಂದ ಎತ್ತಿದ ಚೂರುಗಳನ್ನು ಪರೀಕ್ಷಿಸಿದವರಲ್ಲಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ವಿಜ್ಞಾನಿಗಳೂ ಇದ್ದರು. ಲೋಹವು ದಣಿದು ಬಿರಿದುದಕ್ಕೂ ಸ್ಫೋಟದಿಂದ ಹರಿದುದಕ್ಕೂ ಇರುವ ಭೇದವನ್ನು ಸೂಕ್ಷ್ಮದರ್ಶಕದಲ್ಲಿ ಓದುವ ವಿದ್ಯೆ ಅದು. ನ್ಯಾಯಮೂರ್ತಿ ಕಿರ್ಪಾಲರ ವಿಚಾರಣಾ ಮಂಡಲಿಯು ಬಾಂಬಿನಿಂದಲೇ ವಿಮಾನ ನಾಶವಾಯಿತೆಂಬ ನಿರ್ಣಯಕ್ಕೆ ಬಂದಿತು. ಇಪ್ಪತ್ತು ವರ್ಷಗಳ ತರುವಾಯ ಕೆನಡಾದ ನ್ಯಾಯಾಲಯದಲ್ಲಿ ಇಬ್ಬರು ಆರೋಪಿಗಳು ಖುಲಾಸೆಯಾದರು. ಶಿಕ್ಷೆಗೊಳಗಾದವನು ಒಬ್ಬನೇ ಒಬ್ಬ.

ಕನಿಷ್ಕದ ದುರಂತದಿಂದ ನಮಗೆ ದೊರೆತದ್ದು ಹೊಸ ಶಿಕ್ಷೆಯಲ್ಲ, ಹೊಸ ಅಭ್ಯಾಸ. ನಾಗರಿಕ ವಿಮಾನಯಾನ ಭದ್ರತೆಗೆ 1978ರಲ್ಲಿ ಒಂದು ಘಟಕವಾಗಿ ಆರಂಭವಾಗಿದ್ದ ಬ್ಯೂರೋವನ್ನು 1987ರ ಏಪ್ರಿಲಿನಲ್ಲಿ ಸ್ವತಂತ್ರ ಇಲಾಖೆಯನ್ನಾಗಿ ಮಾಡಿದರು. ಏರದವನ ಪೆಟ್ಟಿಗೆ ಹಾರಬಾರದೆಂಬ ಸೂತ್ರ ರೂಢಿಗೆ ಬಂದಿತು. ವಿಮಾನಪುರದಲ್ಲಿ ಏಣಿಯ ಬುಡದಲ್ಲಿ ಸಾಲಾಗಿ ಇಟ್ಟ ಪೆಟ್ಟಿಗೆಗಳ ನಡುವೆ ಸುಳಿದಾಡಿ, ಇದು ನನ್ನದು ಎಂದು ಬೆರಳು ತೋರಿಸಿ, ಕೂಲಿಯವನು ಸೀಮೆಸುಣ್ಣದ ಗೀಟು ಎಳೆದ ಮೇಲೆ ಏಣಿ ಹತ್ತಿದ ನೆನಪು ನನ್ನ ವಯಸ್ಸಿನವರಿಗೆಲ್ಲ ಇರಬಹುದು. ಅದು ಬಿಸಿಲಲ್ಲಿ ನಿಲ್ಲಿಸುವ ಕಿರುಕುಳವೆಂದು ಆಗ ಬೈದುಕೊಂಡಿದ್ದೇವೆ. ಆ ಗೀಟಿನ ಹಿಂದೆ 329 ಮಂದಿಯ ಸಾವಿತ್ತೆಂದು ನಮಗೆ ಹೇಳಿದವರಾರು?

1999ರ ಡಿಸೆಂಬರ್ 24ರಂದು ಕಾಠ್ಮಂಡುವಿನಿಂದ ದಿಲ್ಲಿಗೆ ಬರುತ್ತಿದ್ದ ಐಸಿ-814 ವಿಮಾನವು ಅಮೃತಸರ, ಲಾಹೋರು, ದುಬೈಗಳನ್ನು ಮುಟ್ಟಿ ಕಂದಹಾರದಲ್ಲಿ ನಿಂತ ಕಥೆ ಎಲ್ಲರಿಗೂ ತಿಳಿದುದೇ. ಒಬ್ಬ ಪ್ರಯಾಣಿಕನ ಕೊಲೆಯಾಯಿತು. ವರ್ಷದ ಕೊನೆಯ ದಿನ ಮೂವರು ಉಗ್ರರನ್ನು ಸೆರೆಯಿಂದ ಬಿಟ್ಟು ಉಳಿದವರನ್ನು ಕರೆತಂದರು. ಅದಾಗಿ ಏಳು ತಿಂಗಳಿಗೆ, 2000ದ ಜುಲೈ 30ರ ರಾತ್ರಿ, ಗಾಜನೂರಿನ ತೋಟದ ಮನೆಯಿಂದ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಒಯ್ದಾಗ, ಕಂದಹಾರದಲ್ಲಿ ಕೇಂದ್ರ ಸರಕಾರದ ಎದುರು ನಿಂತಿದ್ದ ಪ್ರಶ್ನೆಯೇ ನಮ್ಮ ವಿಧಾನಸೌಧದ ಮುಂದೆ ಬಂದು ನಿಂತಿತು. ಟಾಡಾ ಕಾಯಿದೆಯಡಿ ಮೈಸೂರಿನಲ್ಲಿ ಸೆರೆಯಲ್ಲಿದ್ದ ವೀರಪ್ಪನ್ ಸಹಚರರ ಮೇಲಿನ ಆರೋಪಗಳನ್ನು ಹಿಂತೆಗೆದುಕೊಳ್ಳಲು ಸರಕಾರ ಮುಂದಾಯಿತು. ವೀರಪ್ಪನ್ನನ ಕೈಯಲ್ಲಿ ಮಡಿದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ನವೆಂಬರ್ 7ರಂದು ನ್ಯಾಯಾಲಯವು ಆ ಹಿಂತೆಗೆತಕ್ಕೆ ಅವಕಾಶವಿಲ್ಲವೆಂದಿತು. ರಾಜಕುಮಾರ್ ಅವರು 108 ದಿನಗಳ ತರುವಾಯ ಮನೆಗೆ ಮರಳಿದರು. ಅಂದಿನ ದಿನಗಳಲ್ಲಿ ಗಾಂಧಿ ಬಜಾರಿನ ಅಂಗಡಿಗಳು ಅರ್ಧ ಬಾಗಿಲೆಳೆದುಕೊಂಡು, ಯಾವ ಗಳಿಗೆಯಲ್ಲಿ ಗಲಭೆಯಾದೀತೋ ಎಂದು ರೇಡಿಯೋಕ್ಕೆ ಕಿವಿಗೊಟ್ಟು ವ್ಯಾಪಾರ ಮಾಡುತ್ತಿದ್ದವು. ಉಗ್ರರನ್ನು ಬಿಟ್ಟದ್ದು ಹೇಡಿತನವೆಂದು ಕಂದಹಾರದ ಕುರಿತು ಖಂಡತುಂಡವಾಗಿ ನುಡಿದಿದ್ದ ಮಿತ್ರರೇ, ಅಣ್ಣಾವ್ರಿಗಾಗಿ ಏನನ್ನಾದರೂ ಕೊಟ್ಟುಬಿಡಲಿ ಎಂದದ್ದನ್ನು ನಾನು ಕೇಳಿದ್ದೇನೆ. ಅವರನ್ನು ಆಕ್ಷೇಪಿಸಲಾರೆ, ನಾನೂ ಹಾಗೆಯೇ ಅಂದಿದ್ದೆ.

ಇಂಥ ಗಳಿಗೆಯಲ್ಲಿ ಸರಕಾರ ಏನು ಮಾಡಬೇಕೆಂಬುದನ್ನು ಶಾಸನದಲ್ಲಿ ಬರೆದಿಡಲು ಹೊರಟ ದೇಶವೂ ಉಂಟು. ಅಪಹೃತ ವಿಮಾನವನ್ನು ಆಯುಧವಾಗಿ ಬಳಸುವರೆಂದು ತೋರಿದರೆ ಅದನ್ನು ಹೊಡೆದುರುಳಿಸುವ ಅಧಿಕಾರವನ್ನು ಜರ್ಮನಿಯ ಸಂಸತ್ತು 2005ರ ಕಾಯಿದೆಯೊಂದರಲ್ಲಿ ಸೈನ್ಯಕ್ಕೆ ಕೊಟ್ಟಿತು. ಮರುವರ್ಷದ ಫೆಬ್ರವರಿಯಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಆ ವಿಧಿಯನ್ನು ರದ್ದುಮಾಡಿತು. ನೆಲದ ಮೇಲಿರುವವರನ್ನು ಉಳಿಸುವುದಕ್ಕಾಗಿ ವಿಮಾನದೊಳಗಿನ ನಿರಪರಾಧಿಗಳನ್ನು ಕೊಲ್ಲುವುದೆಂದರೆ ಅವರನ್ನು ಮನುಷ್ಯರೆಂದು ಕಾಣದೆ ಕೇವಲ ವಸ್ತುವೆಂದು ಎಣಿಸಿದಂತೆ ಎಂಬುದು ತೀರ್ಪಿನ ಸಾರ. ಅದೇ 2005ರಲ್ಲಿ ನಮ್ಮ ಕೇಂದ್ರ ಸಚಿವ ಸಂಪುಟವೂ ಹೊಡೆದುರುಳಿಸಲು ಎಡೆಯಿರುವ ಒಂದು ನೀತಿಯನ್ನು ಅಂಗೀಕರಿಸಿತು. ಅದು ಕಾಯಿದೆಯಲ್ಲ, ನೀತಿ. ಆದುದರಿಂದ ಸಂಸತ್ತಿನಲ್ಲಿ ಅದರ ವಿಧಿವಿಧಿಯಾದ ಚರ್ಚೆಯಾಗಲಿಲ್ಲ. ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು 1945ರಲ್ಲಿ ನಮ್ಮ ಬಸವನಗುಡಿಯ ಮಗ್ಗುಲಲ್ಲೇ ಸ್ಥಾಪಿಸಿ, ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಬರೆದು, ಪ್ರಜೆಗೆ ತಿಳಿಯದ ಶಾಸನ ಶಾಸನವೇ ಅಲ್ಲವೆಂಬ ಭಾವದಿಂದ ದುಡಿದ ಡಿ. ವಿ. ಗುಂಡಪ್ಪನವರು ಇದ್ದಿದ್ದರೆ, ಈ ಒಂದು ವಿಷಯಕ್ಕೇ ಒಂದು ವಾರದ ಗೋಷ್ಠಿಯನ್ನು ಏರ್ಪಡಿಸುತ್ತಿದ್ದರೆಂದು ನನಗೆ ತೋರುತ್ತದೆ.

ಇನ್ನು ಈಗ ಜಾರಿಯಲ್ಲಿರುವ ಶಾಸನಕ್ಕೆ ಬರೋಣ. 2001ರ ಸೆಪ್ಟೆಂಬರ್ 11ರ ತರುವಾಯ ಜಗತ್ತಿನ ರಾಷ್ಟ್ರಗಳು ಹಳೆಯ ಒಪ್ಪಂದಗಳನ್ನು ಬಿಗಿಗೊಳಿಸಿ 2010ರಲ್ಲಿ ಬೀಜಿಂಗಿನಲ್ಲಿ ಹೊಸ ಒಡಂಬಡಿಕೆಗಳನ್ನು ಮಾಡಿಕೊಂಡವು. ಅವನ್ನು ಅನುಸರಿಸಿ ನಮ್ಮ ಸಂಸತ್ತು 1982ರ ಕಾಯಿದೆಯನ್ನು ತೆಗೆದುಹಾಕಿ 2016ರಲ್ಲಿ ಹೊಸ ವಿಮಾನಾಪಹರಣ ನಿರೋಧ ಕಾಯಿದೆಯನ್ನು ಮಾಡಿತು. 2017ರ ಜುಲೈ 5ರಿಂದ ಅದು ಜಾರಿಗೆ ಬಂದಿತು. ಅದರ ವ್ಯಾಖ್ಯೆಗಳು ಸಮರ್ಥವಾಗಿವೆ ಎಂಬುದನ್ನು ಒಪ್ಪಬೇಕು. ಬಾಗಿಲು ಮುಚ್ಚಿದಾಗಿನಿಂದ ತೆರೆಯುವವರೆಗೆ ಮಾತ್ರ ವಿಮಾನವು ಹಾರಾಟದಲ್ಲಿದೆಯೆಂದು ಹಳೆಯ ಕಾಯಿದೆ ಎಣಿಸಿದ್ದರೆ, ಹೊಸದು ಹಾರಾಟದ ಸಿದ್ಧತೆ ಮೊದಲಾದಾಗಿನಿಂದ ಇಳಿದ 24 ಗಂಟೆಗಳವರೆಗೂ ವಿಮಾನಕ್ಕೆ ರಕ್ಷಣೆ ಕೊಡುತ್ತದೆ. ಕುಳಿತಲ್ಲಿಂದಲೇ ಯಂತ್ರೋಪಾಯದಿಂದ ವಿಮಾನವನ್ನು ವಶಪಡಿಸಿಕೊಳ್ಳುವುದೂ, ಸಂಚು ಹೂಡುವುದೂ, ನಂಬತಕ್ಕ ಸನ್ನಿವೇಶದಲ್ಲಿ ಅಪಹರಣದ ಬೆದರಿಕೆ ಒಡ್ಡುವುದೂ ಅಪರಾಧದ ಪರಿಧಿಯೊಳಗೆ ಬಂದಿವೆ. ಒಬ್ಬ ನಿರಪರಾಧಿಯ ಸಾವಾದರೆ ಮರಣದಂಡನೆ. ಉಳಿದ ಎಲ್ಲ ಪ್ರಸಂಗಗಳಲ್ಲಿ ಜೀವಾವಧಿ. ಜೀವಾವಧಿಯೆಂದರೆ ಹದಿನಾಲ್ಕು ವರ್ಷವೋ ಇಪ್ಪತ್ತು ವರ್ಷವೋ ಅಲ್ಲ, ಆ ಮನುಷ್ಯನ ಸಹಜ ಆಯುಷ್ಯದ ಕೊನೆಯ ಉಸಿರಿನವರೆಗೆ ಎಂದು ವಿಧಿಯಲ್ಲೇ ಬರೆದಿದೆ. ಇದರ ಮೇಲೆ ದಂಡ, ಆಸ್ತಿಯ ಮುಟ್ಟುಗೋಲು.

ಶಿಕ್ಷೆಯನ್ನು ಹೇಳುವ ಈ ನಾಲ್ಕನೆಯ ವಿಧಿಯನ್ನು ನಾನು ಎರಡು ಬಾರಿ, ಮೂರು ಬಾರಿ ಓದಿದೆ. ಇದರಲ್ಲಿ ನ್ಯಾಯಾಧೀಶನಿಗೆ ಉಳಿದಿರುವ ಕೆಲಸವಾದರೂ ಯಾವುದೆಂದು ಹುಡುಕಿದೆ. ಸಾವಾಯಿತೇ ಇಲ್ಲವೇ ಎಂದು ನೋಡುವುದು. ಆಗದಿದ್ದರೆ ಆಜೀವ ಸೆರೆ. ಆಟಿಕೆ ಹಿಡಿದವನೋ ಆಯುಧ ಹಿಡಿದವನೋ, ಸಂಚಿನ ಸೂತ್ರಧಾರಿಯೋ ಮತಿಗೆಟ್ಟ ಮೂರ್ಖನೋ, ವಿಮಾನವನ್ನು ಕಂದಹಾರಕ್ಕೆ ಒಯ್ದವನೋ ಚೀಟಿಯೊಂದನ್ನು ಬರೆದಿಟ್ಟವನೋ ಎಂಬ ತಾರತಮ್ಯಕ್ಕೆ ಅಲ್ಲಿ ಎಡೆಯಿಲ್ಲ. ಸಾಯಲೆಂದೇ ವಿಮಾನವನ್ನೇರಿದವನಿಗೆ ಮರಣದಂಡನೆಯ ಭಯ ತೋರಿಸುವುದು ವೃಥಾ ಶ್ರಮವೆಂಬುದನ್ನು 2001ರ ಸೆಪ್ಟೆಂಬರ್ 11ರ ಆ ಹತ್ತೊಂಬತ್ತು ಮಂದಿ ತೋರಿಸಿಕೊಟ್ಟಿದ್ದಾರೆ. ಹಾಗಾದರೆ ಈ ವಿಧಿಯ ಭಾರ ಬೀಳುವುದು ಯಾರ ಮೇಲೆ?

ಉತ್ತರ ಕಾಯಿದೆ ಜಾರಿಗೆ ಬಂದ ನಾಲ್ಕು ತಿಂಗಳೊಳಗೆ ಬಂದಿತು. 2017ರ ಅಕ್ಟೋಬರ್ 30ರಂದು ಮುಂಬಯಿಯಿಂದ ದಿಲ್ಲಿಗೆ ಹೊರಟ ಜೆಟ್ ಏರ್‌ವೇಸ್ ವಿಮಾನದ ಶೌಚಾಲಯದಲ್ಲಿ ಒಂದು ಚೀಟಿ ಸಿಕ್ಕಿತು: ಒಳಗೆ ಅಪಹರಣಕಾರರಿದ್ದಾರೆ, ಬಾಂಬಿದೆ, ವಿಮಾನವನ್ನು ಪಾಕ್ ಆಕ್ರಮಿತ ಕಾಶ್ಮೀರಕ್ಕೆ ಒಯ್ಯಬೇಕು ಎಂಬ ಅರ್ಥದ್ದು. ವಿಮಾನವನ್ನು ಅಹಮದಾಬಾದಿನಲ್ಲಿ ಇಳಿಸಿದರು. ಬಾಂಬೂ ಇರಲಿಲ್ಲ, ಅಪಹರಣಕಾರರೂ ಇರಲಿಲ್ಲ. ಪ್ರಯಾಣಿಕರಲ್ಲೊಬ್ಬರಾದ ಮುಂಬಯಿಯ ಒಡವೆ ವ್ಯಾಪಾರಿಯನ್ನು ಹಿಡಿದರು. 2019ರ ಜೂನಿನಲ್ಲಿ ವಿಶೇಷ ನ್ಯಾಯಾಲಯವು ಅವರಿಗೆ ಆಜೀವ ಸೆರೆಯನ್ನೂ 5 ಕೋಟಿ ರೂಪಾಯಿ ದಂಡವನ್ನೂ ವಿಧಿಸಿತು. ಹೊಸ ಕಾಯಿದೆಯಡಿ ದೇಶದಲ್ಲಾದ ಮೊದಲ ಶಿಕ್ಷೆ ಅದು. 2023ರ ಆಗಸ್ಟಿನಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯವು ಸಾಕ್ಷ್ಯ ಸಾಲದೆಂದು ಅವರನ್ನು ಖುಲಾಸೆಗೊಳಿಸಿತು. ಒಂದು ಕಾಗದದ ಚೂರಿನ ಪ್ರಕರಣ ಆಜೀವ ಸೆರೆಗೂ ಸಂಪೂರ್ಣ ಬಿಡುಗಡೆಗೂ ನಡುವೆ ಹೀಗೆ ತೂಗಾಡಿತು. ನಡುವಿನ ಮೆಟ್ಟಿಲುಗಳನ್ನು ಕಾಯಿದೆ ಇಟ್ಟೇ ಇರಲಿಲ್ಲ.

ಇದರ ಮಗ್ಗುಲಲ್ಲಿ ನಮ್ಮ ಮಂಗಳೂರಿನ ಪ್ರಕರಣವನ್ನು ಇಟ್ಟು ನೋಡಬೇಕು. 2020ರ ಜನವರಿ 20ರ ಸೋಮವಾರ ಬೆಳಗ್ಗೆ, ಬಜ್ಪೆಯ ನಿಲ್ದಾಣದ ಬಳಿಗೆ ಆಟೋರಿಕ್ಷಾದಲ್ಲಿ ಬಂದ ಯುವಕನೊಬ್ಬ ಚೀಲವೊಂದನ್ನು ಅಲ್ಲಿಟ್ಟು ಹೋದ. ವಾರಸುದಾರನಿಲ್ಲದ ಆ ಚೀಲವನ್ನು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯವರು ಕಂಡು, ಜನರನ್ನು ದೂರ ಸರಿಸಿ, ಒಳಗೆ ಸ್ಫೋಟಕವಿರುವುದನ್ನು ತಿಳಿದು, ಸಂಜೆ ಕೆಂಜಾರಿನ ಮೈದಾನಕ್ಕೆ ಒಯ್ದು ಸಿಡಿಸಿದರು. ಈ ಪಡೆ ವಿಮಾನ ನಿಲ್ದಾಣಗಳಿಗೆ ಬಂದದ್ದೂ ಕಂದಹಾರದ ಬಳಿಕವೇ, 2000ದ ಫೆಬ್ರವರಿಯಲ್ಲಿ ಜಯಪುರದಿಂದ ಮೊದಲಾಗಿ. ಚೀಲ ಇಟ್ಟವನು ಯಾವ ಗಡಿಯಾಚೆಯವನೆಂದು ಟೆಲಿವಿಷನ್ನಿನವರು ಎರಡು ದಿನ ಊಹಾಪೋಹ ನಡೆಸುತ್ತಿದ್ದಂತೆ, ಮೂರನೆಯ ದಿನ ಬೆಂಗಳೂರಿನ ನೃಪತುಂಗ ರಸ್ತೆಯ ಪೊಲೀಸ್ ಪ್ರಧಾನ ಕಚೇರಿಗೆ ಅವನಾಗಿಯೇ ಬಂದು ಶರಣಾದ. ಅವನು ಮಣಿಪಾಲದ ಕಡೆಯವನು, ಎಂಜಿನಿಯರಿಂಗ್ ಓದಿದವನು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಗಲಿಲ್ಲವೆಂಬ ಸಿಟ್ಟಿನಿಂದ 2018ರಲ್ಲಿ ಹುಸಿ ಬಾಂಬ್ ಕರೆ ಮಾಡಿ ಸೆರೆಮನೆ ಕಂಡು ಬಂದಿದ್ದವನೆಂದು ಪೊಲೀಸರು ತಿಳಿಸಿದರು. ಅಂತಾರಾಷ್ಟ್ರೀಯ ಒಡಂಬಡಿಕೆಗಳ ಮಹಾಸೌಧವನ್ನೆಲ್ಲ ಕಟ್ಟಿ ನಾವು ಕಾಯುತ್ತಿದ್ದುದು ಕಂದಹಾರದವರನ್ನು. ಬಂದವನು ನೆರೆಮನೆಯ ಹುಡುಗ.

ಅವನ ವಿಚಾರಣೆ ನಡೆದದ್ದು ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆ ಮತ್ತು 1908ರ ಸ್ಫೋಟಕ ವಸ್ತುಗಳ ಕಾಯಿದೆಯಡಿ. ಮೊದಲನೆಯದರ ಹದಿನಾರನೆಯ ವಿಧಿಯಲ್ಲಿ, ಸಾವಾಗದ ಭಯೋತ್ಪಾದಕ ಕೃತ್ಯಕ್ಕೆ ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಜೀವಾವಧಿಯವರೆಗೆ ನ್ಯಾಯಾಧೀಶರು ತೂಗಿ ನೋಡಿ ಶಿಕ್ಷೆ ಕೊಡಬಹುದು. ಆ ಕಾಯಿದೆಯ ಜಾಮೀನಿನ ನಿಯಮಗಳ ಬಗೆಗೆ ನನಗೆ ಬೇರೆಯೇ ಆಕ್ಷೇಪಗಳುಂಟು. ಅದು ಇಲ್ಲಿಗೆ ಬೇಡ. ಮಂಗಳೂರಿನ ಸೆಷನ್ಸ್ ನ್ಯಾಯಾಲಯವು 2022ರ ಮಾರ್ಚಿನಲ್ಲಿ ಅವನಿಗೆ 20 ವರ್ಷದ ಕಠಿನ ಸಜೆ ವಿಧಿಸಿತು. ನಿಜವಾದ ಬಾಂಬನ್ನು ಇಟ್ಟವನಿಗೆ 20 ವರ್ಷ. ಇಲ್ಲದ ಬಾಂಬಿನ ಚೀಟಿಗೆ ಮೊದಲ ನ್ಯಾಯಾಲಯ ಕೊಟ್ಟದ್ದು ಬದುಕಿರುವವರೆಗಿನ ಸೆರೆ. ಎರಡೂ ಈ ದೇಶದ ಸಂಸತ್ತೇ ಮಾಡಿದ ಶಾಸನಗಳ ಅಳತೆಯಂತೆ ಸರಿಯಾಗಿಯೇ ನಡೆದವು. ನಮ್ಮ ಹೂವಿನವಳು ಈ ಮೊಳವನ್ನು ಕಂಡಿದ್ದರೆ ಬಾಯ ಮೇಲೆ ಬೆರಳಿಡುತ್ತಿದ್ದಳು.

ಹುಸಿ ಕರೆಗಳ ಕಾಲವೂ ಇದೇ ಆಗಿಹೋಗಿದೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಸುತ್ತಮುತ್ತ ಅರವತ್ತಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂದು, ತಾಯಂದಿರು ಕೈಕೆಲಸ ಬಿಟ್ಟು ಓಡಿದ್ದನ್ನು ನೋಡಿದ್ದೇವೆ. 2024ರ ಅಕ್ಟೋಬರಿನಲ್ಲಿ ಎರಡೇ ವಾರಗಳಲ್ಲಿ ನೂರಾರು ವಿಮಾನಗಳಿಗೆ ಇಂಥ ಸಂದೇಶಗಳು ಬಂದವು. ಒಂದು ಪ್ರಕರಣದಲ್ಲಿ ಮುಂಬಯಿ ಪೊಲೀಸರು ಹಿಡಿದದ್ದು ಛತ್ತೀಸಗಢದ ಹದಿನೇಳು ವರ್ಷದ ಬಾಲಕನನ್ನು. ಇಂಥ ಸಂದೇಶ ಬಂದೊಡನೆ ನಿಲ್ದಾಣದ ಸಮಿತಿಯೊಂದು ಕುಳಿತು, ಬೆದರಿಕೆ ನಿರ್ದಿಷ್ಟವೋ ಅನಿರ್ದಿಷ್ಟವೋ ಎಂದು ವಿಂಗಡಿಸುತ್ತದೆ. ವಿಮಾನದ ಸಂಖ್ಯೆ, ದಿನ, ಸ್ಥಳಗಳನ್ನು ಹೆಸರಿಸಿದ್ದು ಒಂದು ಬಗೆ. ಸುಮ್ಮನೆ ಬೊಬ್ಬೆ ಹೊಡೆದದ್ದು ಇನ್ನೊಂದು ಬಗೆ. 2024ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಭದ್ರತಾ ನಿಯಮಗಳನ್ನು ತಿದ್ದಿ, ಹುಸಿ ಸುದ್ದಿ ಹಬ್ಬಿಸಿದವರಿಗೆ ಒಂದು ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ಶ್ರೇಣಿ ಶ್ರೇಣಿಯಾಗಿ ದಂಡ ಹಾಕಲು ಅವಕಾಶ ಮಾಡಿತು. 1934ರ ಹಳೆಯ ಕಾಯಿದೆಯೂ ಹೋಗಿ, 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಹಿಂದಿಯ ಹೆಸರಿಟ್ಟರೆಂದು ದಕ್ಷಿಣದ ಸದಸ್ಯರು ಸಂಸತ್ತಿನಲ್ಲಿ ಆಕ್ಷೇಪಿಸಿದರು, ಆಕ್ಷೇಪ ನ್ಯಾಯವಾದುದೇ. ಆದರೂ 'ವಾಯುಯಾನ' ಎಂಬ ಶಬ್ದ ದಿಲ್ಲಿಯವರ ಬಾಯಲ್ಲಿ ಕೊನೆಯ ಅಕಾರ ಕಳೆದುಕೊಂಡು ಕುಂಟಿದರೆ, ಕನ್ನಡದಲ್ಲಿ ಅದು ಇಂದಿಗೂ ಎರಡು ಕಾಲ ಮೇಲೆ ನಿಂತಿದೆ ಎಂಬ ಸಣ್ಣ ಸಂತೋಷವನ್ನು ನಾನು ಬಿಟ್ಟುಕೊಡಲಾರೆ.

ಕೊಬ್ಬರಿಯ ವಿಷಯಕ್ಕೆ ಬರುತ್ತೇನೆ. ಶಬರಿಮಲೆಗೆ ಹೋಗುವ ಭಕ್ತರು ಇರುಮುಡಿಯಲ್ಲಿ ತೆಂಗಿನಕಾಯಿಯನ್ನು ಕಟ್ಟಿಕೊಂಡೇ ಹೋಗಬೇಕಷ್ಟೆ. ತೆಂಗಿನಕಾಯಿಯನ್ನು ಕೈಚೀಲದಲ್ಲಿ ವಿಮಾನದೊಳಗೆ ಒಯ್ಯಬಾರದೆಂಬುದು ಭದ್ರತಾ ಬ್ಯೂರೋದ ನಿಯಮ. 2024ರ ಅಕ್ಟೋಬರಿನಲ್ಲಿ ಬ್ಯೂರೋ ಈ ನಿಯಮವನ್ನು ಸಡಿಲಿಸಿ, ಎಕ್ಸ್-ರೇ ಮತ್ತು ಸ್ಫೋಟಕಪತ್ತೆಯ ಪರೀಕ್ಷೆಗಳಾದ ಮೇಲೆ ಅಯ್ಯಪ್ಪನ ಕಾಯಿಯನ್ನು ಬಿಡಬಹುದೆಂದು, ಮಕರಜ್ಯೋತಿಯ ಕಾಲ ಕಳೆದು 2025ರ ಜನವರಿ 20ರವರೆಗೆ ಅನುಮತಿ ಕೊಟ್ಟಿತು. ಯಾರು, ಯಾವಾಗ, ಏತಕ್ಕೆ ಎಂದು ವಿಚಾರಿಸಿ, ಪರೀಕ್ಷಿಸಿ, ಬಿಡುವುದು, ಇದಲ್ಲವೇ ವಿವೇಕ? ಮೇಜಿನ ಹಿಂದೆ ನಿಂತ ಆ ಧಾರವಾಡದ ಹುಡುಗಿಗೂ, ಅವಳ ಮೇಲಿನ ಅಧಿಕಾರಿಗೂ, ದಿಲ್ಲಿಯ ಬ್ಯೂರೋಗೂ ಇರುವ ಇಷ್ಟು ವಿವೇಚನೆ, ಕಾನೂನನ್ನೇ ಉಸಿರಾಗಿಸಿಕೊಂಡು ಬೆಳೆದ ಸೆಷನ್ಸ್ ನ್ಯಾಯಾಧೀಶರಿಗೆ ನಾಲ್ಕನೆಯ ವಿಧಿಯಲ್ಲಿ ಇಲ್ಲ.

ಆದಕಾರಣ ನನ್ನ ಬಿನ್ನಹ ಇಷ್ಟು. ಭಯೋತ್ಪಾದಕನಿಗೆ ಕರುಣೆ ತೋರಿಸಿ ಎಂದು ನಾನು ಕೇಳುತ್ತಿಲ್ಲ. ಕನಿಷ್ಕದ ಮಕ್ಕಳನ್ನು ನೆನೆದವನು ಹಾಗೆ ಕೇಳಲಾರ. 2016ರ 30ನೆಯ ಕಾಯಿದೆಯ ನಾಲ್ಕನೆಯ ವಿಧಿಯಲ್ಲಿ ಬೆದರಿಕೆಯನ್ನು ಅಪಹರಣದಿಂದ ಬೇರ್ಪಡಿಸಿ, ಅದಕ್ಕೆ ಕನಿಷ್ಠ ಗರಿಷ್ಠಗಳ ಅಂತರವಿರುವ ಶಿಕ್ಷೆಯನ್ನು ಸೇರಿಸಬೇಕು. ನಾಲ್ಕು ಸಾಲಿನ ತಿದ್ದುಪಡಿ ಸಾಕು. ಬೆಂಗಳೂರು ದಕ್ಷಿಣದ ಮತದಾರನಾದ ನಾನು ಈ ಮಾತನ್ನು ನಮ್ಮ ಲೋಕಸಭಾ ಸದಸ್ಯರಿಗೆ ಕಾಗದದಲ್ಲಿ ಬರೆದು, ಬಸವನಗುಡಿಯ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ ಬಂದಿದ್ದೇನೆ. ಒಪ್ಪಿಗೆಯಾದ ವಾಚಕರು ತಮ್ಮ ತಮ್ಮ ಸದಸ್ಯರಿಗೆ ಬರೆಯಬೇಕೆಂದು ಕೋರುತ್ತೇನೆ. ನಮ್ಮಾಕೆಯ ಕೊಬ್ಬರಿ ಗಿಟುಕುಗಳು ಈಗ ಅಡಿಗೆಮನೆಯ ಡಬ್ಬಿಯಲ್ಲಿವೆ.